ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ಲ. ನಮ್ಮದು ಅನ್ನಿಸೋ ಹಾಗೆ ಮಾಡೋದು ಹೇಗೆ?

ಕಿಟಕಿಪಕ್ಕ:

ಬೆಂಗಳೂರಲ್ಲಿ 2 ಬಿಎಚ್‌ಕೆ ಬಾಡಿಗೆ ಮನೆ, ಎರಡನೇ ಮಹಡಿ. ಅಗ್ರಿಮೆಂಟ್ 11 ತಿಂಗಳದ್ದು, ಆದರೆ ಮೂರ್ನಾಲ್ಕು ವರ್ಷ ಇರೋ ಯೋಚನೆ. ಹಾಲ್ 10×14 ಅಡಿ. ಒಂದೇ ಕಿಟಕಿ, ಅಗಲ 4 ಅಡಿ, ಅದೂ ಉತ್ತರಕ್ಕೆ. ಗೋಡೆ ಬಿಳಿ, ಒರಗಿದರೆ ಬಟ್ಟೆಗೆ ಪುಡಿ ಅಂಟುತ್ತೆ. ಎರಡು ಬಿಳಿ ಟ್ಯೂಬ್‌ಲೈಟ್. ಮೊಳೆ ಹೊಡೀಬೇಡಿ ಅಂತ ಓನರ್ ಹೇಳಿದ್ದಾರೆ.

ಮನೆಯವರ ಹತ್ತು ಫೋಟೋ ಹಾಕಬೇಕು. ಅಮ್ಮನ ಹಳೇ ಸೀರೆಗಳು, ಚನ್ನಪಟ್ಟಣದ ಗೊಂಬೆಗಳು, ಒಂದು ಬಿದರಿ ಹೂದಾನಿ ಇವೆ. ಬಾಲ್ಕನಿಯೂ ಉತ್ತರಕ್ಕೇ. ಬಜೆಟ್ 15 ಸಾವಿರ. ಯಾವುದರಿಂದ ಶುರು ಮಾಡಲಿ? ಗೋಡೆಗೆ ಅಂಟಿಸೋ ಹುಕ್ ತಂದರೆ ಸಾಕಾ?

ಬೆಳಕಿಂಡಿ:

ದಯವಿಟ್ಟು ಲೈಟ್‌ನಿಂದ ಶುರು ಮಾಡಿ. ಉಳಿದದ್ದಕ್ಕೆ ಆಮೇಲೆ ದುಡ್ಡು ಹಾಕಿ. ಸೀರೆಯ ಬಣ್ಣ, ಮರದ ಬಣ್ಣ, ಊಟದ ತಟ್ಟೆ, ಎಲ್ಲವೂ ಬಿಳಿ ಟ್ಯೂಬ್ ಕೆಳಗೆ ಪೇಲವ ಕಾಣುತ್ತವೆ. ಆ ಬೆಳಕಲ್ಲಿ ಪರದೆ ಆರಿಸಿದರೆ ಆಯ್ಕೆಯೇ ತಪ್ಪುತ್ತೆ.

ನಿಮ್ಮಲ್ಲಿರೋದು ಬಹುಶಃ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಹಳದಿ). ಹಾಲ್‌ಗೂ ಮಲಗೋ ಕೋಣೆಗೂ 3000 ಕೆಲ್ವಿನ್ ತನ್ನಿ, ಅಡುಗೆಮನೆಗೂ ಓದೋ ಮೇಜಿಗೂ 4000. ಡಬ್ಬದ ಮೇಲೆ ಈ ಸಂಖ್ಯೆ ಅಚ್ಚಾಗಿರುತ್ತೆ. "ವಾರ್ಮ್" ಅನ್ನೋ ಪದ ನಂಬಿ ತರಬೇಡಿ, ಸಂಖ್ಯೆ ನೋಡಿ. ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಳತೆ) 90ರ ಮೇಲಿದ್ದರೆ ಬಟ್ಟೆಯ ಬಣ್ಣ ನಿಜವಾಗಿ ಕಾಣುತ್ತೆ, 80ಕ್ಕಿಂತ ಕಡಿಮೆಯದ್ದು ಬೇಡ. ಒಂದೇ ಕೋಣೆಯಲ್ಲಿ 3000 ಮತ್ತು 6500 ಒಟ್ಟಿಗೆ ಉರಿಸಬೇಡಿ. ಅರ್ಧ ಗೋಡೆ ನೀಲಿ, ಅರ್ಧ ಹಳದಿ ಆಗುತ್ತೆ.

ಬಲ್ಬ್ ಬದಲಿಸಿದರೆ ಮುಗಿಯಲಿಲ್ಲ, ಬೆಳಕು ಬರೋ ಎತ್ತರವೂ ಇಳೀಬೇಕು. ಸೋಫಾ ಪಕ್ಕ ಒಂದು ನಿಲ್ಲೋ ದೀಪ, ಪುಸ್ತಕದ ಕಪಾಟಿನ ಮೇಲೊಂದು, ಎದುರು ಮೂಲೆಯಲ್ಲೊಂದು. ತಲಾ 7 ಅಥವಾ 9 ವ್ಯಾಟ್ ಸಾಕು (9 ವ್ಯಾಟ್ ಎಲ್‌ಇಡಿ ಸುಮಾರು 900 ಲೂಮೆನ್ ಕೊಡುತ್ತೆ). ಸಂಜೆ ಮೇಲಿನ ಟ್ಯೂಬ್ ಆರಿಸಿ ಈ ಮೂರನ್ನೇ ಹಚ್ಚಿ ನೋಡಿ.

ಆನ್‌ಲೈನ್‌ನಲ್ಲಿ ತರಿಸೋ ದೀಪದ ಹೋಲ್ಡರ್ ಸಾಮಾನ್ಯವಾಗಿ ತಿರುಗಿಸಿ ಹಾಕೋ ಇ27. ಅಂಗಡಿಯ ಮಾಮೂಲಿ ಬಲ್ಬ್ ಎರಡು ಪಿನ್ನಿನ ಬಿ22. ನೋಡಿಕೊಂಡು ತನ್ನಿ. ಕಪಾಟಿನೊಳಗೆ ಎಲ್‌ಇಡಿ ಸ್ಟ್ರಿಪ್ ಹಾಕೋದಾದರೆ, ಮೀಟರ್‌ಗೆ 4.8 ವ್ಯಾಟ್‌ನ 5 ಮೀಟರ್ ಸ್ಟ್ರಿಪ್ 24 ವ್ಯಾಟ್ ಎಳೆಯುತ್ತೆ. 12 ವೋಲ್ಟ್ 2 ಆಂಪ್ ಅಡಾಪ್ಟರ್ ಅಂದರೂ ಸರಿಯಾಗಿ 24 ವ್ಯಾಟೇ, ಸದಾ ಕಾದು ಬೇಗ ಹೋಗುತ್ತೆ. 3 ಆಂಪ್‌ದು ತಗೊಳ್ಳಿ.

ಓನರ್‌ನ ಟ್ಯೂಬ್‌ಗಳನ್ನು ಡಬ್ಬದಲ್ಲಿಟ್ಟು ಅಟ್ಟಕ್ಕೆ ಹಾಕಿ. ಖಾಲಿ ಮಾಡುವಾಗ ಅವನ್ನೇ ಮತ್ತೆ ಹಾಕಿದರಾಯ್ತು.

ರೀಪರ್‌ಪಟ್ಟಿ:

ಅಂಟಿಸೋ ಹುಕ್ ಬೇಡವೇ ಬೇಡ. ಒದ್ದೆ ಮಾಡಿದ ಕಪ್ಪು ಬಟ್ಟೆಯಿಂದ ಗೋಡೆ ಉಜ್ಜಿ ನೋಡಿ. ಬಿಳಿ ಹತ್ತಿದರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ. ಆ ಗೋಡೆಯಲ್ಲಿ ಅಂಟು ಬಣ್ಣವನ್ನು ಗಟ್ಟಿಯಾಗಿ ಹಿಡಿಯುತ್ತೆ, ಬಣ್ಣ ಗೋಡೆಯನ್ನು ಹಿಡಿದಿರಲ್ಲ. ಮಧ್ಯರಾತ್ರಿ ಫ್ರೇಮ್ ಬೀಳುತ್ತೆ, ಜೊತೆಗೆ ಅಂಗೈ ಅಗಲದ ಚಕ್ಕೆಯೂ. ಅಂಟೋ ಪಟ್ಟಿ ಕೆಲಸ ಮಾಡೋದು ನಯವಾದ ಎಮಲ್ಷನ್ ಪೇಂಟ್, ಟೈಲ್ಸ್, ಗಾಜು, ಪಾಲಿಶ್ ಮಾಡಿದ ಮರದ ಮೇಲೆ. ಅಲ್ಲೂ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ, 30 ಸೆಕೆಂಡ್ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಭಾರ ಹಾಕಬೇಕು.

ಓನರ್ ಹತ್ತಿರ ಹತ್ತು ಮೊಳೆ ಕೇಳಬೇಡಿ, ಎರಡು ತೂತು ಕೇಳಿ. 6 ಅಡಿ ಉದ್ದ, 2 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಮರದ ರೀಪರ್ ಒಂದು ತನ್ನಿ. ಉಜ್ಜಿ ಪಾಲಿಶ್ ಮಾಡಿ, ಸುಮಾರು 7 ಅಡಿ ಎತ್ತರದಲ್ಲಿ ಅಡ್ಡಲಾಗಿ ಕೂರಿಸಿ. ಎರಡು ತುದಿಯಿಂದ ಒಂದೊಂದು ಅಡಿ ಒಳಗೆ ಒಂದೊಂದು ಸ್ಕ್ರೂ. ಪಟ್ಟಿಯ ಕೆಳ ಅಂಚಿಗೆ ಸಣ್ಣ ಕಣ್ಣಿನ ಹುಕ್‌ಗಳನ್ನು ತಿರುಗಿಸಿ, ಮೀನಿನ ಗಾಳದ ನೈಲಾನ್ ದಾರದಲ್ಲಿ ಹತ್ತೂ ಫೋಟೋ ಇಳಿಬಿಡಬಹುದು. ಫೋಟೋ ಬದಲಿಸಬೇಕಾದರೆ ದಾರ ಬಿಚ್ಚಿದರಾಯ್ತು, ಗೋಡೆ ಮುಟ್ಟೋದೇ ಬೇಡ. ಫ್ರೇಮಿಗೆ ಗಾಜಿನ ಬದಲು ಅಕ್ರಿಲಿಕ್ ಹಾಕಿಸಿದರೆ ಭಾರ ಕಡಿಮೆ.

ಡ್ರಿಲ್: 6 ಎಂಎಂ ಬಿಟ್, ಗೋಡೆಯೊಳಗೆ 50 ಎಂಎಂ ಆಳ, 6 ಎಂಎಂ ನೈಲಾನ್ ಪ್ಲಗ್ (ತೂತಿನೊಳಗೆ ಕೂತು ಸ್ಕ್ರೂ ಹಿಡಿಯೋ ಕೊಳವೆ), ಎರಡೂವರೆ ಇಂಚಿನ 8 ನಂಬರ್ ಸ್ಕ್ರೂ. ಗಾರೆಯೇ 12ರಿಂದ 15 ಎಂಎಂ ಇರುತ್ತೆ. ಪ್ಲಗ್ ಅದನ್ನು ದಾಟಿ ಒಳಗೆ ಕೂರಬೇಕು, ಇಲ್ಲದಿದ್ದರೆ ಗಾರೆ ಸಮೇತ ಕಿತ್ತು ಬರುತ್ತೆ. ಸ್ವಿಚ್‌ಬೋರ್ಡ್‌ನ ನೇರ ಮೇಲೆ, ನೇರ ಕೆಳಗೆ ವೈರಿನ ಪೈಪ್ ಹೋಗಿರುತ್ತೆ, ಅಲ್ಲಿ ಖಂಡಿತ ಬೇಡ. ಬಾತ್‌ರೂಮ್ ಹಿಂಬದಿಯ ಗೋಡೆಯೂ ಬೇಡ.

ಎತ್ತರದ ವಿಷಯ. ಫೋಟೋಗಳ ನಡುಭಾಗ ನೆಲದಿಂದ 57ರಿಂದ 60 ಇಂಚಿಗೆ ಅಂತಾರೆ, ಅದು ನಿಂತು ನೋಡೋರಿಗೆ. ಮನೆಯವರು ಹೆಚ್ಚು ಹೊತ್ತು ಸೋಫಾದಲ್ಲೋ ಚಾಪೆಯ ಮೇಲೋ ಕೂರೋದಾದರೆ ಇನ್ನೂ ಅರ್ಧ ಅಡಿ ಇಳಿಸಿ. ಹೇಗೆ ಜೋಡಿಸಬೇಕು ಅನ್ನೋದನ್ನು ಮೊದಲು ನೆಲದ ಮೇಲೆ ಹಾಸಿ ನೋಡಿ. ಡಿಸ್ಟೆಂಪರ್‌ಗೆ ಮಾಸ್ಕಿಂಗ್ ಟೇಪ್ ಹಚ್ಚಿದರೂ ಬಣ್ಣ ಎದ್ದು ಬರುತ್ತೆ.

ಒಪ್ಪಿಗೆ ವಾಟ್ಸ್ಆ್ಯಪ್‌ನಲ್ಲಿ ಬರಹದಲ್ಲೇ ಇರಲಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ಅಗ್ರಿಮೆಂಟ್‌ನಲ್ಲಿದ್ದರೆ ಅದನ್ನೂ ವಿನಯವಾಗಿ ನೆನಪಿಸಿ. ಹೇಗೂ ಬಣ್ಣ ಹೊಡೆಯೋ ಗೋಡೆಗೆ ಎರಡು ತೂತು ಪುಟ್ಟಿಯಲ್ಲಿ ಮುಚ್ಚೋ ಕೆಲಸ ಅಷ್ಟೇ.

ನೂಲಿನೆಳೆ:

ಸೀರೆ ಬಗ್ಗೆ. ಕಾಟನ್ ಸೀರೆ 5.5 ಮೀಟರ್ ಉದ್ದ, ಸುಮಾರು 1.15 ಮೀಟರ್ ಅಗಲ. ಮಧ್ಯಕ್ಕೆ ಕತ್ತರಿಸಿದರೆ 2.75 ಮೀಟರಿನ ಎರಡು ಪರದೆ. ಮೇಲೆ ರಾಡ್ ಹೋಗೋ ಮಡಿಕೆ, ಕೆಳಗೆ 4 ಇಂಚಿನ ಮಡಿಕೆ ತೆಗೆದರೂ 7 ಅಡಿ ಪರದೆಗೆ ಧಾರಾಳ. ಪರದೆ ನೆರಿಗೆ ಬೀಳಬೇಕಾದರೆ ಅಗಲದಲ್ಲಿ ಕಿಟಕಿಯ ಸುಮಾರು ಎರಡರಷ್ಟು ಬಟ್ಟೆ ಬೇಕು. ನಿಮ್ಮ 4 ಅಡಿ ಕಿಟಕಿಗೆ ಎರಡೂ ಸೇರಿ 2.3 ಮೀಟರ್, ಒಂದೇ ಸೀರೆ ಸರಿಹೋಗುತ್ತೆ. ಸೆರಗಿರೋ ತುಂಡು ಒಂದು ಕಡೆ ಬರುತ್ತೆ. ಸೆರಗು ಕೆಳಗೆ ಬರೋ ಹಾಗೆ ಹೊಲಿಸಿ, ಮೇಲೆ ಮಡಚಿದರೆ ಅದರ ಚಂದವೆಲ್ಲ ರಾಡಿನೊಳಗೆ ಹೋಗುತ್ತೆ.

ರಾಡ್‌ಗೆ ತೂತು ಬೇಕಿಲ್ಲ. ಕಿಟಕಿಯ ಸಂದಿನೊಳಗೆ ಎರಡೂ ಬದಿಗೆ ಒತ್ತಿ ನಿಲ್ಲೋ ಸ್ಪ್ರಿಂಗ್ ರಾಡ್ ಸಿಗುತ್ತೆ, ಹಗುರ ಕಾಟನ್ನಿಗೆ ಅದು ಸಾಕು. ಆ ಸಂದಿನ ಅಂಚು ಗ್ರಾನೈಟ್ ಆಗಿದ್ದರೆ ಜಾರುತ್ತೆ, ತುದಿಗೆ ಸೈಕಲ್ ಟ್ಯೂಬಿನ ತುಂಡು ಕೊಡಿ.

ರೇಷ್ಮೆ ಸೀರೆಯನ್ನು ಮಾತ್ರ ಕಿಟಕಿಗೆ ಹಾಕಬೇಡಿ. ಬೆಳಕಿಗೆ ರೇಷ್ಮೆ ನೂಲು ಬಲ ಕಳೆದುಕೊಂಡು ಮಡಿಕೆಯ ಗುಂಟ ಸೀಳುತ್ತೆ. ಉತ್ತರದ ಕಿಟಕಿಯಾದರೂ ವರ್ಷಗಟ್ಟಲೆ ತಡೆಯಲ್ಲ. ಅದರ ಅಂಚನ್ನೋ ಸೆರಗನ್ನೋ ಒಳಗಿನ ಗೋಡೆಗೆ ಫ್ರೇಮ್ ಹಾಕಿಸಿ. ಬಟ್ಟೆಯನ್ನು ಬಿಳಿ ಕಾಟನ್ ಮೇಲೆ ಹೊಲಿದು ಕೂರಿಸಲು ಹೇಳಿ, ಗೋಂದು ಹಾಕಿದರೆ ಕೆಲವೇ ವರ್ಷಕ್ಕೆ ಕಂದು ಕಲೆ ಏಳುತ್ತೆ.

ಹಾಲಿನ ನೆಲಕ್ಕೆ ನವಲಗುಂದದ ಜಮಖಾನ ಸಿಕ್ಕರೆ ನೋಡಿ. ಕಾಟನ್, ಗಟ್ಟಿ ನೇಯ್ಗೆ, ಮಡಚಿಡಬಹುದು. ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುತ್ತಾ ಅಂತ ಮೊದಲೇ ಪರೀಕ್ಷಿಸಿ.

ಚನ್ನಪಟ್ಟಣದ ಗೊಂಬೆಗಳ ಬಣ್ಣ ಅರಗಿನದ್ದು, ಚರಕಿಯಲ್ಲಿ (ಲೇತ್) ತಿರುಗೋ ಮರದ ಬಿಸಿಗೆ ಕರಗಿ ಹತ್ತಿದ್ದು. ಬಿಸಿಲು, ಒಲೆ, ಬಲ್ಬಿನ ಪಕ್ಕ ಬೇಡ. ಒಣ ಬಟ್ಟೆಯಲ್ಲಿ ಒರೆಸಿ. ಬಿದರಿಗೆ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ಉಜ್ಜಿದರೆ ಅದರ ಮೇಲಿನ ಕಪ್ಪು ಬಣ್ಣ ಹೋಗಿ ಕೆಳಗಿನ ಸತುವು ಕಾಣುತ್ತೆ. ಒಂದು ಹನಿ ಕೊಬ್ಬರಿ ಎಣ್ಣೆ, ಮೆತ್ತನೆ ಬಟ್ಟೆ, ಅಷ್ಟೇ. ನೀರು ಹಾಕಿ ಹೂ ಇಡೋದಾದರೆ ಒಳಗೊಂದು ಗಾಜಿನ ಲೋಟ ಇಳಿಸಿ.

ತಾರಸಿತೋಟ:

ಉತ್ತರದ ಬಾಲ್ಕನಿಗೆ ಮಲ್ಲಿಗೆ, ತುಳಸಿ, ದಾಸವಾಳ ತಂದು ಬೇಜಾರು ಪಡಬೇಡಿ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಇಲ್ಲದಿದ್ದರೆ ಬರೀ ಎಲೆ. ವೀಳ್ಯದೆಲೆ ಬಳ್ಳಿ ನೆರಳಲ್ಲೇ ಚೆನ್ನಾಗಿ ಬರುತ್ತೆ, ಹಬ್ಬಕ್ಕೆ ಎಲೆಯೂ ಆಗುತ್ತೆ. ನಾವು ಬ್ರಹ್ಮಕಮಲ ಅಂತ ಕರೆಯೋ ರಾತ್ರಿ ಅರಳೋ ಕಳ್ಳಿಯ ಜಾತಿಯದ್ದೂ ಸರಿ. ಕೆಮ್ಮಣ್ಣು, ಕೋಕೋಪೀಟ್, ಗೊಬ್ಬರ ಸಮಸಮ. ಒದ್ದೆಯಾದ 12 ಇಂಚಿನ ಕುಂಡ 15 ಕಿಲೋ ದಾಟುತ್ತೆ, ಗ್ರಿಲ್‌ನ ಹೊರಬದಿಗೆ ನೇತು ಹಾಕಬೇಡಿ, ಕೆಳಗೆ ಜನ ಓಡಾಡುತ್ತಾರೆ.

ಕಿಟಕಿಪಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓನರ್ ಎರಡು ತೂತಿಗೆ ಒಪ್ಪಿದರು. @ರೀಪರ್‌ಪಟ್ಟಿ, ಮೊದಲ ತೂತಲ್ಲಿ ಬೂದು ಪುಡಿ ಬಂತು, ಸ್ವಲ್ಪ ಆಳಕ್ಕೆ ಡ್ರಿಲ್ ದಡಕ್ಕನೆ ಒಳಗೆ ಹೋಯ್ತು. ಪ್ಲಗ್ ಸುಮ್ಮನೆ ತಿರುಗ್ತಿದೆ. ಈಗೇನು?

ರೀಪರ್‌ಪಟ್ಟಿ:

ಅದು ಹಾಲೋ ಬ್ಲಾಕ್, ಬಿಟ್ ಅದರ ಟೊಳ್ಳಿಗೆ ಹೋಗಿದೆ. ಪುಡಿಯೇ ಗೋಡೆಯ ಗುರುತು: ಕೆಂಪಾದರೆ ಇಟ್ಟಿಗೆ, ತರಿತರಿ ಬೂದು ಕಾಂಕ್ರೀಟ್ ಬ್ಲಾಕ್, ಹಿಟ್ಟಿನಂತೆ ಬೆಳ್ಳಗೆ ನಯವಾಗಿ ಬಂದರೆ ಎಎಸಿ (ಗಾಳಿಗುಳ್ಳೆಗಳಿರೋ ಹಗುರ ಬ್ಲಾಕ್). ಬ್ಲಾಕಿನ ಒಳಗೆ ಟೊಳ್ಳುಗಳ ನಡುವೆ ಗಟ್ಟಿ ಗೋಡೆ ಇರುತ್ತೆ. ಅದೇ ಅಡ್ಡಗೆರೆಯಲ್ಲಿ 2 ಇಂಚು ಪಕ್ಕಕ್ಕೆ ಸರಿದು ಮತ್ತೊಂದು ತೂತು ಹಾಕಿ. 50 ಎಂಎಂವರೆಗೂ ಬಿಗಿಯಾಗಿ ಹೋದರೆ ಅದೇ ಜಾಗ. ಹಳೇ ತೂತು ಪಟ್ಟಿಯ ಹಿಂದೆ ಮುಚ್ಚಿಹೋಗುತ್ತೆ, ರೀಪರಿಗೆ ಮಾತ್ರ ಹೊಸ ಜಾಗಕ್ಕೆ ಸರಿಯಾಗಿ ತೂತು ಮಾಡಿಕೊಳ್ಳಿ. ಅಲ್ಲೂ ಟೊಳ್ಳು ಸಿಕ್ಕರೆ, ಒಳಗೆ ಹೋಗಿ ಗಂಟಿನ ಹಾಗೆ ಸುತ್ತಿಕೊಳ್ಳೋ ಟೊಳ್ಳುಗೋಡೆಯ ನೈಲಾನ್ ಪ್ಲಗ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಸ್ಕ್ರೂ ಕೈಯಲ್ಲೇ ಬಿಗಿ ಮಾಡಿ. ಡ್ರಿಲ್ ಮೆಷಿನ್‌ನಲ್ಲಿ ಬಿಗಿ ಮಾಡಿದರೆ ಪ್ಲಗ್ ಗಂಟಾಗೋ ಮೊದಲೇ ಹರಿಯುತ್ತೆ.