ಬೋಟಿನ ಜಿಐ ಸಾಮಾನಿಗೆ ತುಕ್ಕು: ಏನು ಮಾಡ್ತೀರಿ?

ಕೇಳಿದವರು, ಗಂಗೊಳ್ಳಿ:
ನಮ್ಮದು ಮರದ ಟ್ರಾಲ್ ಬೋಟು. ಲಂಗರಿನ ಚೈನು, ಅದನ್ನು ಜೋಡಿಸುವ ಕೊಂಡಿ (ಶ್ಯಾಕಲ್), ಮೇಲಿನ ಪೈಪಿನ ಫ್ರೇಮು ಎಲ್ಲಾ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಫ್ರೇಮಿನ ಬೋಲ್ಟಿನ ಸುತ್ತ ಆಗಲೇ ಕೆಂಪು ಇಳಿಯುತ್ತಿದೆ. ಪೇಂಟ್ ಹೊಡೆಸಿದರೆ ಸಿಪ್ಪೆ ಏಳುತ್ತದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಯಲ್ಲಿ ಬೋಟು ದಡದ ಮೇಲೆ ಇರುತ್ತದೆ, ಅಷ್ಟರಲ್ಲಿ ಏನು ಮಾಡಬಹುದು?

ಮಲ್ಪೆಯಿಂದ:
ಮೊದಲು ಆ ಬೋಲ್ಟ್ ಯಾವುದು ನೋಡಿ ಮಾರಾಯ್ರೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್, ಅಂದರೆ ಎಸ್‌ಎಸ್ ಆದರೆ, ಉಪ್ಪುನೀರು ತಾಗಿದಾಗ ಅದರ ಸುತ್ತಲಿನ ಸತುವೇ ಮೊದಲು ಕರಗುವುದು. ನಡುವೆ ನೈಲಾನ್ ವಾಷರ್, ಪ್ಲಾಸ್ಟಿಕ್ ಬುಷ್ ಹಾಕಿ. ಎಸ್‌ಎಸ್ ಅಲ್ಲ, ಪಳಪಳ ಹೊಳೆಯುವ ಅಂಗಡಿ ಬೋಲ್ಟ್ ಅಂತಾದರೆ ಅದು ಬರೀ ಪ್ಲೇಟಿಂಗ್. ಅದರ ಸತು 5-10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇರಬಹುದು ಅಷ್ಟೆ. ಕಾಯಿಸಿದ ಸತುವಿನಲ್ಲಿ ಅದ್ದಿ ತೆಗೆದ ದಪ್ಪ ಕಬ್ಬಿಣಕ್ಕೆ ಸುಮಾರು 85 ಮೈಕ್ರಾನ್ ಕೂತಿರುತ್ತದೆ. ಅಂಥ ಬೋಲ್ಟ್ ಮಂಕಾಗಿ, ಸ್ವಲ್ಪ ತರಿತರಿಯಾಗಿ ಇರುತ್ತದೆ. ಮಾಮೂಲಿ ನಟ್ ಅದಕ್ಕೆ ಹತ್ತುವುದಿಲ್ಲ, ನಟ್ ಸಮೇತ ಜೋಡಿಯಾಗಿಯೇ ತನ್ನಿ.

ಮಂಗಳೂರಿನಿಂದ:
ಸಿಪ್ಪೆ ಏಳುವುದು ಪೇಂಟರ್ ತಪ್ಪು ಅಂತ ಎಲ್ಲರೂ ಬೈಯುತ್ತಾರೆ. ಹೊಡೆದದ್ದು ಆಯಿಲ್ ಇನಾಮಲ್ ಅಲ್ವಾ? ಆ ಎಣ್ಣೆಗೂ ಸತುವಿಗೂ ಆಗಿಬರುವುದಿಲ್ಲ. ಒಳಗೊಳಗೇ ಸಾಬೂನಿನಂಥ ಪದರ ಕಟ್ಟಿ ಬಣ್ಣ ಹಾಳೆಹಾಳೆಯಾಗಿ ಬಿಡುತ್ತದೆ. ಎಷ್ಟು ಕೋಟ್ ಹೊಡೆದರೂ ಅಷ್ಟೆ. ಹಳೆಯದನ್ನು ಪೂರ್ತಿ ತೆಗೆದು, ಸೋಪು ಹಾಕಿ ಸಿಹಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ಮರಳು ಕಾಗದ ಮೆಲ್ಲಗೆ ಆಡಿಸಿ, ಸತು ಕೆರೆದು ಹೋಗಬಾರದು. ಆಮೇಲೆ ಜಿಐಗೆ ಆಗುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಮಳೆಗಾಲದ ತೇವದಲ್ಲಿ ಅವಸರ ಬೇಡ, ಬಿಸಿಲು ಬಿದ್ದ ದಿನ ನೋಡಿ ಮಾಡಿ. ಬೋಟಿನ ಅಡಿಗೆ ಹೊಡೆಯುವ ತಾಮ್ರದ ಪೇಂಟನ್ನಂತೂ ಜಿಐಗೆ ತಾಗಿಸಲೇಬೇಡಿ.

ಹೊನ್ನಾವರದಿಂದ:
ಚೈನಿಗೆ ಪೇಂಟ್ ಸುಮ್ನೆ ದಂಡ, ಉಜ್ಜಿಯೇ ಹೋಗುತ್ತದೆ. ಸಿಹಿನೀರಿನಲ್ಲಿ ತೊಳೆದು, ನೀರು ಬಸಿಯುವ ಹಾಗೆ ಇಡಿ. ಲಂಗರಿನ ಕಡೆ ಜಾಸ್ತಿ ಸವೆಯುವುದರಿಂದ ತುದಿ ಅದಲು ಬದಲು ಮಾಡಿ. ಕೆಲವರು ಸುಟ್ಟ ಎಂಜಿನ್ ಆಯಿಲ್ ಬಳಿಯುತ್ತಾರೆ. ಅದು ನೀರಿಗೇ ಇಳಿಯುವುದು, ನನಗೆ ಒಪ್ಪಿಗೆ ಇಲ್ಲ. ಶ್ಯಾಕಲ್ ಪಿನ್ನಿಗೆ ಮರೀನ್ ಗ್ರೀಸ್ ಸಾಕು. ಪಿನ್ ಬಿಗಿಯಲು ಜಿಐ ತಂತಿಯೇ ಇರಲಿ.

ಮಲ್ಪೆಯಿಂದ ಮತ್ತೆ:
ಒಂದು ಬಿಟ್ಟುಹೋಯಿತು. ಫ್ರೇಮಿಗೆ ವೆಲ್ಡಿಂಗ್ ಇದ್ದರೆ ಜೋಡಿಸುವ ಜಾಗದ ಸತುವನ್ನು ಮೊದಲೇ ಗ್ರೈಂಡ್ ಮಾಡಿಸಿ. ಸತು ಸುಟ್ಟ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ಬೆಸುಗೆ ಆದ ಮೇಲೆ ಕಿಟ್ಟ ತೆಗೆದು, ಬರೀ ಕಬ್ಬಿಣ ಕಾಣುವಾಗಲೇ ಝಿಂಕ್ ರಿಚ್, ಅಂದರೆ ಸತು ತುಂಬಿದ ಪೇಂಟ್ ಹೊಡೆಯಿರಿ. ತುಕ್ಕಿನ ಮೇಲೆ ಹೊಡೆದರೆ ಅದು ಬರೀ ಬೂದು ಬಣ್ಣ. ತೂತು ಕೊರೆದ ಅಂಚು, ಪೈಪು ಕತ್ತರಿಸಿದ ಬಾಯಿ ಮರೆಯಬೇಡಿ.

ಕೇಳಿದವರು:
ಬೋಲ್ಟ್ ಎಸ್‌ಎಸ್ ಹೌದು! ಬೇರೆ ಲೋಹದ ಬದಲು ತಾನೇ ಕರಗಲಿ ಅಂತ ಕೂರಿಸುವ ನೀರಿನೊಳಗಿನ ಝಿಂಕ್ ಪ್ಲೇಟಿಗೂ ಪೇಂಟರ್ ಬಣ್ಣ ಬಳಿಯುತ್ತಿದ್ದ. ಅದು ಸರಿಯಾ?

ಮಂಗಳೂರಿನಿಂದ:
ಬೇಡವೇ ಬೇಡ. ಬಣ್ಣ ಬಿದ್ದರೆ ಅದು ಕೆಲಸವೇ ಮಾಡುವುದಿಲ್ಲ. ಅರ್ಧ ಕರಗಿದ್ದರೆ ಬದಲಿಸಿ, ಕೂರಿಸುವ ಜಾಗವನ್ನೂ ಉಜ್ಜಿ ಲೋಹಕ್ಕೆ ಲೋಹ ತಾಗಿಸಿ.