ಇಂಗ್ಲೆಂಡಿನ ಎಸ್ಟೇಟ್ ಪಾರ್ಕ್‌ಗೆ ಹೋದರೆ ನೋಡೋದು ಏನನ್ನ? ಹೋಗಿ ಬಂದವರು ಹೇಳಿ

ಕೇಳಿದವರು, ರೀಡಿಂಗ್‌ನಿಂದ

ಮುಂದಿನ ತಿಂಗಳು ಅಪ್ಪ ಅಮ್ಮ ಬೆಂಗಳೂರಿಂದ ಬರುತ್ತಿದ್ದಾರೆ. ಅಪ್ಪ ನೀರಾವರಿ ಇಲಾಖೆಯಲ್ಲಿದ್ದು ರಿಟೈರ್ ಆದವರು. ಅಮ್ಮನಿಗೆ ಮಂಡಿ ನೋವು. ಲಂಡನ್ ಹೋದ ಸಲವೇ ಮುಗಿಯಿತು. ಈ ಸಲ ಹಳ್ಳಿ ಕಡೆ ದೊಡ್ಡ ಬಂಗಲೆ, ಅದರ ಸುತ್ತ ಪಾರ್ಕ್ ಇರುತ್ತಲ್ಲ, ಅಂಥದ್ದೊಂದು ತೋರಿಸಬೇಕು ಅಂತ ಆಸೆ.

ಆದರೆ ಒಂದು ಅಳುಕು. ಎರಡು ವರ್ಷದ ಹಿಂದೆ ನಾವಿಬ್ಬರೇ ಅಂಥ ಒಂದು ಕಡೆ ಹೋಗಿದ್ದೆವು. ಹುಲ್ಲು, ಮರ, ಕುರಿ, ಒಂದು ಕೆರೆ. ಅರ್ಧ ಗಂಟೆಗೆ ಮುಗಿದುಹೋಯಿತು. ಟಿಕೆಟ್ ದುಡ್ಡು ನೆನೆಸಿಕೊಳ್ಳುತ್ತಾ ಕೇಕ್ ತಿಂದು ವಾಪಸ್ ಬಂದೆವು. ನಮಗೇ ಹೀಗಾದರೆ ಅವರಿಗೆ? ಯಾವ ಪಾರ್ಕ್‌ಗೆ ಹೋಗಬೇಕು, ಅಲ್ಲಿ ಏನು ನೋಡಬೇಕು, ಸ್ವಲ್ಪ ಹೇಳಿ.

ಆಕ್ಸ್‌ಫರ್ಡ್‌ನಿಂದ

ಹುಲ್ಲು, ಮರ, ಕುರಿ, ಕೆರೆ ಅಂದಿರಲ್ಲ, ಅದಷ್ಟನ್ನೂ ಯಾರೋ ದುಡ್ಡು ಸುರಿದು ಮಾಡಿಸಿದ್ದು. ಮಾಡಿಸಿದ್ದು ಅಂತ ಗೊತ್ತಾಗಬಾರದು, ಅದೇ ಅವರ ಕಸುಬು. ನಿಮಗೆ ಗೊತ್ತಾಗಲಿಲ್ಲ ಅಂದರೆ ಅವರು ಗೆದ್ದರು ಅಂತ ಅರ್ಥ. ನಾನೂ ಮೊದಲೆರಡು ಸಲ ಸೋತವನೇ.

ನಿಮ್ಮಪ್ಪ ನೀರಾವರಿಯವರು ಅಂದ ಮೇಲೆ ಬ್ಲೆನಿಮ್‌ಗೆ ಕರೆದುಕೊಂಡು ಹೋಗಿ. ಆಕ್ಸ್‌ಫರ್ಡ್ ಪಕ್ಕದ ವುಡ್‌ಸ್ಟಾಕ್‌ನಲ್ಲಿದೆ. ಜಾನ್ ಚರ್ಚಿಲ್ ಅನ್ನೋ ಸೇನಾಪತಿ 1704ರಲ್ಲಿ ಬ್ಲೆನಿಮ್ ಯುದ್ಧ ಗೆದ್ದ. ಅದಕ್ಕೆ ವುಡ್‌ಸ್ಟಾಕ್‌ನ ಈ ಜಾಗ ಅವನಿಗೆ ಇನಾಮು ಸಿಕ್ಕಿತು. ಮರುವರ್ಷವೇ ಅರಮನೆ ಕಟ್ಟೋಕೆ ಶುರು. ವ್ಯಾನ್‌ಬ್ರೂ ಅನ್ನೋ ವಾಸ್ತುಶಿಲ್ಪಿ ಅರಮನೆ ಮುಂದಿನ ಕಣಿವೆಗೆ ಒಂದು ಭಾರೀ ಸೇತುವೆ ಕಟ್ಟಿದ. ಸೇತುವೆಯ ಹೊಟ್ಟೆಯೊಳಗೆ 30ಕ್ಕೂ ಜಾಸ್ತಿ ಕೋಣೆ. ಆದರೆ ಅದರ ಕೆಳಗೆ ಹರಿಯುತ್ತಿದ್ದದ್ದು ಗ್ಲೈಮ್ ಅನ್ನೋ ಸಣ್ಣ ಹೊಳೆ, ನಮ್ಮ ಕಡೆ ಹಳ್ಳ ಅನ್ನುತ್ತೇವಲ್ಲ, ಅಷ್ಟೇ. ಆ ಹಳ್ಳಕ್ಕೆ ಈ ಸೇತುವೆ. ಖರ್ಚು ನೋಡಿ ಸೇನಾಪತಿಯ ಹೆಂಡತಿ ಡಚೆಸ್ ಸಾರಾಗೆ ಮೈ ಉರಿಯುತ್ತಿತ್ತು. ಕೊನೆಗೆ ಅವಳಿಗೂ ವ್ಯಾನ್‌ಬ್ರೂಗೂ ಎಷ್ಟು ಜಗಳ ಆಯಿತು ಅಂದರೆ, ತಾನೇ ಕಟ್ಟಿದ ಅರಮನೆ ನೋಡೋಕೆ ಬಂದವನನ್ನು ಅವಳು ಒಳಗೇ ಬಿಡಲಿಲ್ಲ.

1760ರ ದಶಕದಲ್ಲಿ ಬಂದವನು ಲ್ಯಾನ್ಸೆಲಾಟ್ ಬ್ರೌನ್. ಕೇಪಬಿಲಿಟಿ ಬ್ರೌನ್ ಅಂತಲೇ ಹೆಸರು, ಯಾವ ಜಾಗ ತೋರಿಸಿದರೂ ಇಲ್ಲಿ ಏನೇನೋ ಮಾಡಬಹುದು ಅಂತ ಹೇಳುತ್ತಿದ್ದನಂತೆ. ಅವನು ಸೇತುವೆ ಮುಟ್ಟಲಿಲ್ಲ. ಕೆಳಗಡೆ ಹೋಗಿ ಹಳ್ಳಕ್ಕೆ ಒಂದು ಏರಿ ಹಾಕಿದ. ನೀರು ಹಿಂದಕ್ಕೆ ನಿಂತಿತು, ಕಣಿವೆ ತುಂಬಿತು, ಸೇತುವೆಯ ಕೆಳಗಿನ ಕೋಣೆಗಳು ಮುಳುಗಿದವು. ಅಲ್ಲಿಗೆ ಸೇತುವೆಗೆ ತಕ್ಕ ನೀರು ಬಂತು. ಕೆಲವು ವರ್ಷದ ಹಿಂದೆ ನೀರು ಇಳಿಸಿದಾಗ ಆ ಕೋಣೆಗಳು ಮತ್ತೆ ಕಂಡವು. ಗೋಡೆ ಮೇಲೆ ಆ ಕಾಲದವರು ಗೀಚಿದ್ದ ಬರಹ ಹಾಗೇ ಇತ್ತು.

ಈಗ ನೋಡೋ ಕ್ರಮ. ವುಡ್‌ಸ್ಟಾಕ್ ಊರಿನ ಕಡೆಯಿಂದ, ಕಲ್ಲಿನ ಕಮಾನು ದಾಟಿ ಒಳಗೆ ಹೋಗಿ. ಊರಿನ ಬೀದಿ ಮುಗಿದು ಕಮಾನು ದಾಟಿದ್ದೇ ತಡ, ಕೆರೆ, ಸೇತುವೆ, ಅರಮನೆ ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಆಮೇಲೆ ಅಪ್ಪನಿಗೆ ಒಂದೇ ಪ್ರಶ್ನೆ ಕೇಳಿ: "ಏರಿ ಎಲ್ಲಿದೆ?" ಅಲ್ಲಿಂದ ಕಾಣೋದಿಲ್ಲ. ಕೆರೆಯ ತುದಿ ತಿರುಗಿ ಮರಗಳ ಹಿಂದೆ ಮಾಯವಾಗುತ್ತದೆ, ದೊಡ್ಡ ನದಿಯೊಂದು ಮುಂದಕ್ಕೆ ಹರಿದು ಹೋಗುತ್ತಿದೆ ಅನ್ನೋ ಹಾಗೆ. ತುದಿ ಕಾಣಿಸದಿರೋದೇ ಬ್ರೌನ್ ಕೈಚಳಕ. ದಕ್ಷಿಣದ ತುದಿಯವರೆಗೆ ನಡೆದರೆ ಬಂಡೆಗಳ ಮೇಲಿಂದ ನೀರು ಧುಮುಕುತ್ತಿರುತ್ತದೆ. ನೋಡಿದವರು ಜಲಪಾತ ಅಂತ ಫೋಟೋ ತೆಗೆಯುತ್ತಾರೆ. ಅದು ಕೋಡಿ ಸ್ವಾಮಿ, ಕೋಡಿ! ಕೆರೆ ತುಂಬಿ ಕೋಡಿ ಬಿದ್ದಿದೆ, ಅಷ್ಟೇ. ಒಳಗಿನ ಕೆಲಸವೂ ನಮ್ಮ ಕೆರೆಯದ್ದೇ: ಜೇಡಿಮಣ್ಣು ಹಸಿ ಮಾಡಿ, ತುಳಿದು, ನೀರು ಸೋರದ ಹಾಗೆ ಗಟ್ಟಿ ಮಾಡೋದು.

ಇನ್ನೊಂದು, ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ್ದು ಇದೇ ಅರಮನೆಯಲ್ಲಿ, 1874ರಲ್ಲಿ. 1896ರಲ್ಲಿ ದಂಡಿನ ಜೊತೆ ಬೆಂಗಳೂರಿಗೆ ಬಂದಿದ್ದ. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಲ್ಲಿ 13 ರೂಪಾಯಿ ಬಾಕಿ ಇನ್ನೂ ಹಾಗೇ ಇದೆ. ನಿಮ್ಮಮ್ಮನಿಗೆ ಅರಮನೆ ಒಳಗೆ ಬೇಜಾರಾದರೆ ಇದನ್ನು ಹೇಳಿ.

ಅರಮನೆಗೂ ತೋಟಕ್ಕೂ ಟಿಕೆಟ್ ಬೇಕು. ಪಾರ್ಕಿನೊಳಗೆ ಸಾರ್ವಜನಿಕ ಕಾಲುದಾರಿಗಳಿವೆ, ಅವುಗಳಲ್ಲಿ ನಡೆಯೋಕೆ ಟಿಕೆಟ್ ಬೇಡ.

ಮಿಲ್ಟನ್ ಕೀನ್ಸ್‌ನಿಂದ

ಬ್ಲೆನಿಮ್ ಸರಿ. ಆದರೆ ಈ ಪಾರ್ಕ್‌ಗಳು ಹೇಗೆ ಬದಲಾಗುತ್ತಾ ಬಂದವು ಅಂತ ಒಂದೇ ಕಡೆ ನೋಡಬೇಕಾದರೆ ಸ್ಟೋವ್‌ಗೆ ಬನ್ನಿ, ಬಕಿಂಗ್‌ಹ್ಯಾಮ್ ಹತ್ತಿರ. ಲಾರ್ಡ್ ಕಾಬಮ್ ಅನ್ನೋ ರಾಜಕಾರಣಿಯ ಜಾಗ. ಮೊದಲು ಬ್ರಿಜ್‌ಮನ್ ಅನ್ನೋ ತೋಟಗಾರ ಗೆರೆ ಎಳೆದ ಹಾಗೆ ಸಾಲುಮರದ ದಾರಿ ಹಾಕಿದ. 1730ರ ದಶಕದಲ್ಲಿ ವಿಲಿಯಂ ಕೆಂಟ್ ಬಂದು ಆ ಗೆರೆಗಳನ್ನು ಬಗ್ಗಿಸಿದ. 1741ರಲ್ಲಿ 25ರ ಆಸುಪಾಸಿನ ಬ್ರೌನ್ ತೋಟದ ಕೆಲಸಕ್ಕೆ ಸೇರಿದ. ಹತ್ತು ವರ್ಷ ಇಲ್ಲೇ ಕಲಿತ, ಇಲ್ಲೇ ಮದುವೆಯೂ ಆದ. ಗ್ರೀಶಿಯನ್ ವ್ಯಾಲಿ ಅಂತ ಒಂದು ಮೆತ್ತನೆಯ ಕಣಿವೆ ಇದೆ. ದೇವರೇ ಮಾಡಿದ ಹಾಗಿದೆ. ಮಾಡಿದ್ದು ಗುದ್ದಲಿ ಹಿಡಿದ ಆಳುಗಳು, ಮಣ್ಣು ಅಗೆದು ಹೊತ್ತು ಹಾಕಿ.

ನಾನು ಕೊಡಗಿನವಳು. ಸ್ಟೋವ್‌ನಲ್ಲಿ ನನಗೆ ಮೊದಲು ಅರ್ಥ ಆಗಿದ್ದು ಹಾ-ಹಾ. ಹೆಸರೇ ಅದು. ಮನೆ ಕಡೆಯಿಂದ ನೋಡಿದರೆ ಹುಲ್ಲು ಮುಂದಕ್ಕೆ ಹೋಗುತ್ತಲೇ ಇರುತ್ತದೆ, ದೂರದಲ್ಲಿ ದನ ಮೇಯುತ್ತಿರುತ್ತವೆ, ಬೇಲಿ ಅನ್ನೋದೇ ಇಲ್ಲ. ಹಾಗಿದ್ದರೆ ದನ ತೋಟಕ್ಕೆ ಯಾಕೆ ನುಗ್ಗೋದಿಲ್ಲ? ಮಗ ಹುಲ್ಲಿನ ಮೇಲೆ ಓಡುತ್ತಿದ್ದವನು ಒಂದು ಕಡೆ ಗಕ್ಕನೆ ನಿಂತ. ಕಾಲ ಬುಡದಲ್ಲಿ ಕಂದಕ! ನಮ್ಮ ಕಡೆಯ ಗೋಡೆ ನೆಟ್ಟಗೆ, ಕಲ್ಲು ಕಟ್ಟಿದ್ದು. ಆಚೆ ಬದಿ ಹುಲ್ಲಿನ ಇಳಿಜಾರು. ದನ ಇಳಿದು ಬರಬಹುದು, ಗೋಡೆ ಹತ್ತೋಕೆ ಆಗಲ್ಲ. ನಮ್ಮೂರ ಆನೆ ಕಂದಕವೇ. ನಮ್ಮದು ತೋಟ ಉಳಿಸೋಕೆ, ಇವರದು ಬೇಲಿ ಬಚ್ಚಿಡೋಕೂ ಹೌದು. ಹತ್ತಿರ ಬಂದವರು ಬೆಚ್ಚಿ ಹಾ! ಹಾ! ಅನ್ನುತ್ತಿದ್ದರಂತೆ, ಅದಕ್ಕೆ ಈ ಹೆಸರು ಅಂತ ಹೇಳುತ್ತಾರೆ. ಯಾವ ಪಾರ್ಕ್‌ಗೆ ಹೋದರೂ ಮೊದಲು ಇದನ್ನು ಹುಡುಕಿ. ಮಕ್ಕಳಿದ್ದರೆ ಕೈ ಹಿಡಿದುಕೊಂಡು ಹುಡುಕಿ.

ಗುಡಿಗಳಂತೂ ಎಲ್ಲೆಲ್ಲೂ. ಎಲ್ಲದಕ್ಕೂ ಒಳಾರ್ಥ, ಜಾಸ್ತಿ ಪಾಲು ಅಂದಿನ ರಾಜಕೀಯದ ಕುಟುಕು. ಸತ್ಯವಾಗಿ ಹೇಳುತ್ತೇನೆ, ನನಗೆ ಅದರಲ್ಲಿ ಆಸಕ್ತಿ ಕಮ್ಮಿ. ಆದರೆ ಬ್ರಿಟಿಷ್ ವರ್ದೀಸ್ ಅನ್ನೋ ಕಟ್ಟಡದಲ್ಲಿ ಷೇಕ್ಸ್‌ಪಿಯರ್, ನ್ಯೂಟನ್, ಎಲಿಜಬೆತ್ ರಾಣಿ ಅಂತ 16 ಜನರ ತಲೆಗಳಿವೆ. ಅದರ ಹಿಂಬದಿಗೆ ಹೋಗಿ. ಸಿನ್ಯೋರ್ ಫೀಡೊ ಅನ್ನೋ ಮಹನೀಯರನ್ನು ಹಾಡಿ ಹೊಗಳಿದ ಬರಹ ಇದೆ. ಕೊನೆವರೆಗೂ ಓದಿದರೆ ಗೊತ್ತಾಗುತ್ತದೆ, ಆ ಮಹನೀಯರು ನಾಯಿ.

ಮಂಡಿ ನೋವಿಗೆ ಒಂದು ಮಾತು: ಗೇಟಿನಿಂದ ತೋಟದವರೆಗೇ ನಡಿಗೆ ಇದೆ. ಬಗ್ಗಿ ಗಾಡಿ ಇದೆಯಾ ಅಂತ ಮೊದಲೇ ಕೇಳಿಕೊಂಡು ಹೋಗಿ.

ಬ್ರಿಸ್ಟಲ್‌ನಿಂದ

ಅಮ್ಮನಿಗೋಸ್ಕರ ಸ್ಟೌರ್‌ಹೆಡ್. ವಿಲ್ಟ್‌ಶೈರ್‌ನಲ್ಲಿದೆ, ರೀಡಿಂಗ್‌ನಿಂದ ಸ್ವಲ್ಪ ದೂರವೇ. ಹೆನ್ರಿ ಹೋರ್ ಅನ್ನೋ ಬ್ಯಾಂಕ್ ಮಾಲೀಕ 1740ರ ದಶಕದಿಂದ ಮಾಡಿಸಿದ್ದು. ಇಲ್ಲೂ ಏರಿ ಹಾಕಿ ಕೆರೆ, ಸುತ್ತ ಒಂದು ದಾರಿ, ಎರಡು ಕಿಲೋಮೀಟರ್ ಆಸುಪಾಸು. ನಾವು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ಅವರು ಅರ್ಧ ಸುತ್ತಿಗೆ ಒಂದು ಮಾತು ಹೇಳಿದರು: "ಇದು ಪ್ರದಕ್ಷಿಣೆ ಕಣೋ." ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಸೇತುವೆ ಹತ್ತಿರ ನಿಂತರೆ ಕೆರೆಯಾಚೆ ಪ್ಯಾಂಥಿಯನ್ ಅನ್ನೋ ಗುಮ್ಮಟದ ಗುಡಿ ಕಾಣುತ್ತದೆ. ಹೊರಟ ಮೇಲೆ ಮರೆಯಾಗುತ್ತದೆ. ಮತ್ತೆ ಇಣುಕುತ್ತದೆ. ಕೊನೆಗೆ ಅದರ ಮೆಟ್ಟಿಲ ಮೇಲೇ ಇರುತ್ತೀರಿ, ಹಿಂದೆ ತಿರುಗಿದರೆ ನೀವು ಹೊರಟ ಜಾಗ ಚಿತ್ರದ ಹಾಗೆ. ಯಾವ ತಿರುವಿನಲ್ಲಿ ಏನು ಕಾಣಬೇಕು ಅನ್ನೋದೂ ಲೆಕ್ಕ ಹಾಕಿ ಮಾಡಿದ್ದು.

ದಾರಿಯಲ್ಲಿ ಕಲ್ಲಿನ ಗುಹೆ ಇದೆ, ಒಳಗೆ ತಣ್ಣಗೆ ನೀರು ಹರಿಯುತ್ತದೆ, ಮಲಗಿದ ಜಲಕನ್ಯೆಯ ವಿಗ್ರಹ. ಅಲ್ಲಿ ಮೆಟ್ಟಿಲು ಏರುಪೇರು. ಅಮ್ಮನ ಕೈ ಹಿಡಿದುಕೊಳ್ಳಿ. ಆಲ್‌ಫ್ರೆಡ್ ಗೋಪುರ ಬೇಡವೇ ಬೇಡ, 205 ಮೆಟ್ಟಿಲು.

ಈ ಎಸ್ಟೇಟ್ ಈಗ ಹಳೇ ಬಂಗಲೆ, ತೋಟಗಳನ್ನು ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಯ ಕೈಯಲ್ಲಿದೆ. ಮನೆಯ ಒಬ್ಬನೇ ಮಗ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡ. ಅಪ್ಪ 1946ರಲ್ಲಿ ಎಸ್ಟೇಟನ್ನು ಟ್ರಸ್ಟ್‌ಗೆ ಕೊಟ್ಟರು.

ಲೀಡ್ಸ್‌ನಿಂದ

ಎಲ್ಲರೂ ಚೆಂದ ಚೆಂದ ಅನ್ನುತ್ತಿದ್ದೀರಿ. ಕೆರೆ, ಮರ ಬರೋಕೆ ಮುಂಚೆ ಅಲ್ಲಿ ಯಾರಿದ್ದರು ಅಂತಲೂ ಕೇಳಬೇಕು ಅಲ್ವಾ? ಸ್ಟೋವ್‌ನಲ್ಲಿ ಮರಗಳ ನಡುವೆ ಒಂದು ಹಳೆ ಚರ್ಚ್ ಅಡಗಿದೆ. ಸುತ್ತ ಒಂದೂ ಮನೆ ಇಲ್ಲ. ಚರ್ಚ್ ಇದ್ದಲ್ಲಿ ಊರಿರಬೇಕಲ್ಲ? ಇತ್ತು. ತೋಟ ಬೆಳೆಯಿತು, ಊರು ಹೋಯಿತು. ನಮ್ಮಲ್ಲಿ ಡ್ಯಾಮ್ ಕಟ್ಟಿದಾಗ ಊರು ಮುಳುಗುತ್ತೆ. ಅದಕ್ಕೆ ಕರೆಂಟು, ನೀರು ಅಂತ ಒಂದು ಕಾರಣನಾದರೂ ಕೊಡುತ್ತಾರೆ. ಇಲ್ಲಿ ಕಿಟಕಿಯಿಂದ ಕಾಣೋ ನೋಟವೇ ಕಾರಣ.

ನೀವು ರೀಡಿಂಗ್‌ನಿಂದ ಆಕ್ಸ್‌ಫರ್ಡ್‌ಗೆ ಎ4074 ರಸ್ತೆಯಲ್ಲಿ ಹೋದರೆ ನ್ಯೂನಮ್ ಕೋರ್ಟ್ನಿ ಸಿಗುತ್ತದೆ. ರಸ್ತೆಯ ಎರಡೂ ಕಡೆ ಒಂದೇ ಥರದ ಇಟ್ಟಿಗೆ ಮನೆಗಳು, ಎದುರುಬದುರು. 1760ರ ದಶಕದಲ್ಲಿ ಹಾರ್ಕೋರ್ಟ್ ಅನ್ನೋ ಅರ್ಲ್ ತನ್ನ ಪಾರ್ಕ್‌ಗೋಸ್ಕರ ಊರನ್ನು ಎತ್ತಂಗಡಿ ಮಾಡಿಸಿ ಇಲ್ಲಿ ತಂದು ಕೂರಿಸಿದ. ಕಾರು ಓಡಿಸುತ್ತಾ ಅರ್ಧ ನಿಮಿಷದಲ್ಲಿ ದಾಟಿಬಿಡುತ್ತೀರಿ. ಡಾರ್ಸೆಟ್‌ನ ಮಿಲ್ಟನ್ ಆಬಸ್ ಕತೆ ಇನ್ನೂ ಜೋರು. ಅಲ್ಲಿ ಹೋಗಿದ್ದು ಹಳ್ಳಿ ಅಲ್ಲ, ಸಂತೆ ಊರು. ಈಗಿನ ಹೊಸ ಊರಿನ ಬಿಳಿ ಗೋಡೆ, ಹುಲ್ಲು ಚಾವಣಿ ಮನೆಗಳ ಮುಂದೆ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ದುಡ್ಡಿನ ಮೂಲವನ್ನೂ ಕೇಳಿ. ನಮ್ಮ ಹತ್ತಿರದ ಹೇರ್‌ವುಡ್‌ನಲ್ಲಿ ಬ್ರೌನ್ ಕೆಲಸ ಮಾಡಿದ್ದಾನೆ. ಅದರ ಹಿಂದೆ ಲ್ಯಾಸೆಲ್ಸ್ ಮನೆತನದವರ ಕೆರಿಬಿಯನ್ ಸಕ್ಕರೆ, ಗುಲಾಮರ ದುಡಿಮೆ. ಲಂಡನ್ ಪಕ್ಕದ ಕ್ಲೇರ್‌ಮಾಂಟ್‌ನ್ನು ಕೊಂಡವನು ಪ್ಲಾಸಿ ಕದನದ ರಾಬರ್ಟ್ ಕ್ಲೈವ್. ಇದ್ದ ಮನೆ ಕೆಡವಿ ಬ್ರೌನ್ ಕೈಲಿ ಹೊಸದು ಕಟ್ಟಿಸಿದ. 1774ರಲ್ಲಿ ಸತ್ತೇಹೋದ. ನೋಡಬೇಡಿ ಅನ್ನುತ್ತಿಲ್ಲ, ನಾನೇ ಹೇರ್‌ವುಡ್‌ಗೆ ವರ್ಷಕ್ಕೆ ಎರಡು ಸಲ ಹೋಗುತ್ತೇನೆ.

ಬ್ರೈಟನ್‌ನಿಂದ

ಸುಮ್ನೆ ಒಂದು ಚಿಕ್ಕ ವಿಷಯ. ಜಿಂಕೆ ಇರೋ ಪಾರ್ಕ್ ಆದರೆ, ನಮ್ಮ ಕಡೆ ಪೆಟ್‌ವರ್ತ್ ಥರದ್ದು, ಮರಗಳ ಕೆಳಗಂಚು ನೋಡಿ. ಕತ್ತರಿಯಲ್ಲಿ ಸಮ ಮಾಡಿದ ಹಾಗೆ ಎಲ್ಲ ಮರದ ಎಲೆಯೂ ಒಂದೇ ಎತ್ತರಕ್ಕೆ ನಿಂತಿರುತ್ತದೆ. ಮಾಲಿ ಕೆಲಸ ಅಂದುಕೊಂಡಿದ್ದೆ. ಜಿಂಕೆ ಕತ್ತು ಚಾಚಿದರೆ ಬಾಯಿ ಎಲ್ಲಿವರೆಗೆ ಹೋಗುತ್ತೋ ಅಲ್ಲಿವರೆಗೆ ತಿಂದಿರುತ್ತವೆ. ಅದರಿಂದಲೇ ಮರಗಳ ಕೆಳಗೆ ದೂರದವರೆಗೂ ಕಣ್ಣು ಹೋಗೋದು.

ಟಿಪ್ಪು ಕಾಲದ್ದು ಏನಾದರೂ ನೋಡಬೇಕಂದರೆ ವೇಲ್ಸ್‌ನ ಪೊವಿಸ್ ಕೋಟೆ. ಶ್ರೀರಂಗಪಟ್ಟಣದಿಂದ ಬಂದ ಟಿಪ್ಪುವಿನ ಡೇರೆ ಕ್ಲೈವ್ ಮನೆತನದ ಮೂಲಕ ಅಲ್ಲಿಗೆ ಸೇರಿದೆ. ಹೊರಡೋ ಮುಂಚೆ ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ವಿಚಾರಿಸಿಕೊಳ್ಳಿ.

ಕೇಳಿದವರು, ಮತ್ತೆ

ಹೋಗಿ ಬಂದೆವು, ಬ್ಲೆನಿಮ್‌ಗೆ. ಎಲ್ಲರಿಗೂ ಥ್ಯಾಂಕ್ಸ್. ಕಮಾನಿನ ಹತ್ತಿರ ನಿಂತು ಅಪ್ಪನಿಗೆ ಆ ಪ್ರಶ್ನೆ ಕೇಳಿದೆ. ಅಪ್ಪ ಕೆರೆ ನೋಡಲೇ ಇಲ್ಲ, ಸುತ್ತಲಿನ ದಿಣ್ಣೆಗಳನ್ನು ನೋಡಿದರು. "ಹಳ್ಳ ಆ ಕಡೆಯಿಂದ ಬಂದು ಈ ಕಡೆ ಹೋಗುತ್ತೆ. ಕಣಿವೆ ಎಲ್ಲಿ ಕಿರಿದಾಗುತ್ತೋ ಅಲ್ಲಿ ಹಾಕಿರುತ್ತಾನೆ" ಅಂತ ಕೈ ತೋರಿಸಿದರು. ಸೀದಾ ಅಲ್ಲಿಗೇ ನಡೆದೆವು. ಕೋಡಿಯ ಮುಂದೆ ಹತ್ತು ನಿಮಿಷ ನಿಂತು, "ತೂಬು ಎಲ್ಲಿಟ್ಟಿದ್ದಾನೆ?" ಅಂತ ಶುರು ಮಾಡಿದರು. ಅದು ಸಿಗಲಿಲ್ಲ. ಈಗಲೂ ಊಟಕ್ಕೆ ಕೂತಾಗ ಅದೇ ಮಾತು.

ಅಮ್ಮ ಅಷ್ಟು ದೂರ ಬರಲಿಲ್ಲ, ಸೇತುವೆ ಹತ್ತಿರ ಬೆಂಚಿನ ಮೇಲೆ ಕೂತಿದ್ದರು. 13 ರೂಪಾಯಿ ವಿಷಯ ಹೇಳಿದೆ. ಬಡ್ಡಿ ಸೇರಿಸಿದರೆ ಈಗ ಎಷ್ಟಾಗುತ್ತೆ ಅಂತ ಕೇಳಿದರು.

ವಾಪಸ್ ಬರುವಾಗ ನ್ಯೂನಮ್ ಕೋರ್ಟ್ನಿಯಲ್ಲಿ ಕಾರು ನಿಧಾನ ಮಾಡಿದೆ. ಲೀಡ್ಸ್‌ನವರು ಹೇಳಿದ ಕತೆ ಹೇಳಿದೆ. ಅಪ್ಪ ಏನೂ ಮಾತಾಡಲಿಲ್ಲ. ಇಲಾಖೆಯಲ್ಲಿದ್ದಾಗ ಅವರೂ ಊರು ಖಾಲಿ ಮಾಡಿಸೋ ನೋಟಿಸ್ ಹಿಡಿದು ಹೋದವರೇ.

ಮುಂದಿನ ಭಾನುವಾರ ಮಿಲ್ಟನ್ ಆಬಸ್ ನೋಡಬೇಕಂತೆ. ರೈಲು, ಬಸ್ಸಿನಲ್ಲಿ ಆಗುತ್ತಾ?

ಬ್ರಿಸ್ಟಲ್‌ನಿಂದ

ಭಾನುವಾರ ಆ ಕಡೆ ಬಸ್ ನಂಬಿಕೊಂಡು ಹೋಗಬೇಡಿ. ಕಾರಲ್ಲೇ ಹೋಗಿ. ಊರಿನ ಬೀದಿ ಇಳಿಜಾರು, ಅಮ್ಮನನ್ನು ಮೇಲಿನ ತುದಿಯಲ್ಲಿ ಇಳಿಸಿ, ಕೆಳಗೆ ಕೆರೆ ಹತ್ತಿರ ಹತ್ತಿಸಿಕೊಳ್ಳಿ.