ಸಹಾಯ ಬೇಕು: ಈ ಮಣ್ಣು ಲೆಪ್ಟೊಸಾಲ್ (ಬಂಡೆ ಮೇಲಿನ ತೆಳುವಾದ ಇಲ್ಲಾ ತುಂಬಾ ಕಲ್ಲಿರೋ ಮಣ್ಣು) ಹೌದೋ ಅಲ್ವೋ?

ಇಳಿಜಾರಿನ ಒಂದು ಗುಂಡಿಯ ಮಣ್ಣನ್ನು ಡಬ್ಲ್ಯುಆರ್‌ಬಿ (ಮಣ್ಣಿನ ಅಂತರರಾಷ್ಟ್ರೀಯ ವರ್ಗೀಕರಣ ಪದ್ಧತಿ) ಪ್ರಕಾರ ವರ್ಗೀಕರಿಸಬೇಕು. ಮೇಲಿನ 18 ಸೆಂ.ಮೀ. ಕಲ್ಲು ತುಂಬಿದ ಗೋಡುಮಣ್ಣು. ಅಲ್ಲಿಂದ 40 ಸೆಂ.ಮೀ.ವರೆಗೆ ಶಿಥಿಲ ಬಂಡೆ, ಹಾರೆ ಹಾಕಿದರೆ ಕಷ್ಟಪಟ್ಟು ಏಳುತ್ತೆ. ಅದರ ಕೆಳಗೆ ಗಟ್ಟಿ ಬಂಡೆ.

ಹಳೇ ನಕ್ಷೆಯಲ್ಲಿ ಲಿಥೊಸಾಲ್ ಅಂತಿದೆ. ಅದು ಒಪ್ಪೋ ಹಾಗಿಲ್ಲ, 1974ರ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಪಟ್ಟಿಯಲ್ಲಿ ಆ ಹೆಸರಿಗೆ ಬಂಡೆ 10 ಸೆಂ.ಮೀ. ಒಳಗೇ ಸಿಗಬೇಕು. ಅಮೆರಿಕದ ಪದ್ಧತಿಯಲ್ಲಿ 50 ಸೆಂ.ಮೀ. ಒಳಗೆ ಗಟ್ಟಿ ಬಂಡೆ ಇರೋದರಿಂದ ಲಿಥಿಕ್ ಅನ್ನಬಹುದು, ಅಲ್ಲಿ ಗೊಂದಲವಿಲ್ಲ.

ತೊಡಕು ಮಧ್ಯದ ಪದರದ್ದು. ಅದನ್ನು 'ಅಖಂಡ ಬಂಡೆ' ಅಂದರೆ ಬಂಡೆ 25 ಸೆಂ.ಮೀ. ಒಳಗೇ ಶುರುವಾದ ಹಾಗೆ, ನೇರವಾಗಿ ಲೆಪ್ಟೊಸಾಲ್. ಪರೀಕ್ಷೆಗೆ 3 ಸೆಂ.ಮೀ. ಒಣ ತುಂಡನ್ನು 1 ಗಂಟೆ ನೀರಲ್ಲಿಟ್ಟರೆ ಅಂಚು ಉದುರುತ್ತೆ, ಒಳಗಿನ ತಿರುಳು ಹಾಗೇ ಉಳಿಯುತ್ತೆ. ಬೇರು ಇಳಿಯೋ ಬಿರುಕುಗಳ ಅಂತರ ಒಂದು ಗೋಡೆಯಲ್ಲಿ ಸುಮಾರು 7, ಎದುರಿನದರಲ್ಲಿ 15 ಸೆಂ.ಮೀ.; ನಿಯಮ ಕೇಳೋದು ಸರಾಸರಿ 10 ಅಥವಾ ಹೆಚ್ಚು.

ಅಖಂಡ ಅಲ್ಲ ಅಂದರೆ 2 ಮಿ.ಮೀ. ಜರಡಿ ದಾಟುವ ಮಣ್ಣಿನ ಲೆಕ್ಕ ಹಾಕಬೇಕು. ಗಾತ್ರದಲ್ಲಿ ಮೇಲೆ ಶೇ. 40, ಮಧ್ಯದಲ್ಲಿ ಶೇ. 5, ಒಟ್ಟು ಸರಾಸರಿ ಶೇ. 20.75. ಲೆಪ್ಟೊಸಾಲ್ ಆಗಬೇಕಾದರೆ ಅದು 20ಕ್ಕಿಂತ ಕಡಿಮೆ ಇರಬೇಕು. ಮಧ್ಯದ ಅಂದಾಜು ಶೇ. 3 ಆದರೂ ಫಲಿತಾಂಶ ತಿರುಗಿಬೀಳುತ್ತೆ, ಕಣ್ಣಂದಾಜಿನಲ್ಲಿ ಅಷ್ಟು ವ್ಯತ್ಯಾಸ ಸಹಜ.

ಅಂಚು ಮಾತ್ರ ಉದುರಿದ ತುಂಡನ್ನು 'ಉಳಿಯಿತು' ಅಂತ ಬರೀಬೇಕಾ? ಬಿರುಕಿನ ಅಂತರವನ್ನು ಎಲ್ಲಾ ಗೋಡೆ ಸೇರಿಸಿ ಸರಾಸರಿ ಮಾಡೋದಾ, ಇಲ್ಲಾ ವಿವರಣೆ ಬರೆದ ಗೋಡೆ ಒಂದನ್ನೇ ತಗೊಳ್ಳೋದಾ?